‘ಸೆಟ್’ ಎಂಬ ಪುಟ್ಟ ಪದದ ನೂರಾರು ಅರ್ಥ

ಸುದ್ದಿಮನೆಯ ಮೇಜಿಗೆ ಒಂದೇ ದಿನ ಎರಡು ಇಂಗ್ಲಿಷ್ ಸುದ್ದಿಗಳು ಬಂದವು ಎಂದುಕೊಳ್ಳಿ. ಕೆಳ ನ್ಯಾಯಾಲಯದ ಆದೇಶವನ್ನು ಹೈಕೋರ್ಟ್ ‘ಸೆಟ್ ಅಸೈಡ್’ ಮಾಡಿದೆ ಎನ್ನುತ್ತದೆ ಒಂದು. ಕೆರೆಗಳ ಹೂಳೆತ್ತಲು ಸರ್ಕಾರ ಹಣವನ್ನು ‘ಸೆಟ್ ಅಸೈಡ್’ ಮಾಡಿದೆ ಎನ್ನುತ್ತದೆ ಇನ್ನೊಂದು. ಎರಡರಲ್ಲೂ ಅವೇ ಪದಗಳು. ಆದರೆ ಮೊದಲನೆಯದರಲ್ಲಿ ಆದೇಶ ರದ್ದಾಯಿತು, ಎರಡನೆಯದರಲ್ಲಿ ಹಣ ಮೀಸಲಾಯಿತು. ಒಂದು ಕಡೆ ಇದ್ದದ್ದು ಇಲ್ಲವಾಯಿತು, ಇನ್ನೊಂದು ಕಡೆ ಇದ್ದದ್ದಕ್ಕೆ ಕಾವಲು ಸಿಕ್ಕಿತು. ಎರಡಕ್ಕೂ ‘ಬದಿಗಿಟ್ಟಿತು’ ಎಂದು ಬರೆದುಬಿಟ್ಟರೆ, ಆದೇಶ ಇನ್ನೂ ಜೀವಂತವಾಗಿದೆ ಎಂದೂ, ಕೆರೆಯ ಹಣವನ್ನು ಸರ್ಕಾರ ಮರೆತಿದೆ ಎಂದೂ ಓದುಗರು ತಿಳಿಯುತ್ತಾರೆ.

ಇಂಗ್ಲಿಷಿನಲ್ಲಿ ಕಷ್ಟದ ಪದ ಎಂದರೆ ಉದ್ದನೆಯ ಪದ ಎಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ನಿಜ ಅದಲ್ಲ. ‘ಫೋಟೊಸಿಂಥೆಸಿಸ್’ ಉಚ್ಚರಿಸಲು ನಾಲಿಗೆ ತೊಡರಬಹುದು, ಆದರೆ ಅದರ ಅರ್ಥ ಒಂದೇ. ಒಮ್ಮೆ ಕಲಿತರೆ ಮುಗಿಯಿತು. ಕಲಿಯುವವರನ್ನು ಜೀವನವಿಡೀ ಕಾಡುವುದು ಮೂರಕ್ಷರದ ‘ಸೆಟ್’, ‘ರನ್’, ‘ಪುಟ್’, ‘ಗೆಟ್’ಗಳು. ಅಮೆರಿಕದ ಭಾಷಾ ವಿದ್ವಾಂಸ ಜಾರ್ಜ್ ಜಿಫ್ 1945ರಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದ: ಒಂದು ಪದ ಎಷ್ಟು ಹೆಚ್ಚು ಬಳಕೆಯಾಗುತ್ತದೋ ಅದಕ್ಕೆ ಅರ್ಥಗಳೂ ಅಷ್ಟು ಹೆಚ್ಚು. ಜನ ದಿನವೂ ಬಳಸುವ ಪದವೇ ಹೊಸ ಕೆಲಸಕ್ಕೂ ಮೊದಲು ಒದಗುತ್ತದೆ. ಹೊಸ ವಸ್ತು ಬಂದಾಗ, ಹೊಸ ಸನ್ನಿವೇಶ ಎದುರಾದಾಗ, ಬಾಯಿಗೆ ಹತ್ತಿರವಿರುವ ಪದವನ್ನೇ ಎಳೆದುಕೊಳ್ಳುತ್ತೇವೆ.

ಹಾಗೆ ಎಳೆಸಿಕೊಂಡ ಪದಗಳಲ್ಲಿ ‘ಸೆಟ್’ನದು ದೊಡ್ಡ ಹೆಸರು. 1989ರಲ್ಲಿ 20 ಸಂಪುಟಗಳಲ್ಲಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿಯಲ್ಲಿ ಅತಿ ಉದ್ದದ ನಮೂದು ಇದರದ್ದೇ. ಕ್ರಿಯಾಪದವಾಗಿ ಸುಮಾರು 430 ಅರ್ಥಗಳು, ಅವುಗಳ ವಿವರಣೆಗೆ ಸುಮಾರು 60,000 ಪದಗಳು. ಎಂದರೆ ಒಂದೇ ಪದದ ಮೇಲೆ ಒಂದು ಕಾದಂಬರಿಯಷ್ಟು ಬರವಣಿಗೆ. ಮುಂದೆ ಪರಿಷ್ಕರಣೆ ನಡೆದಾಗ ‘ರನ್’ ಅದನ್ನು ಹಿಂದಿಕ್ಕಿತು. ನಿಘಂಟುಕಾರ ಪೀಟರ್ ಗಿಲಿವರ್ ಒಂಬತ್ತು ತಿಂಗಳು ಅದೊಂದೇ ಕ್ರಿಯಾಪದದ ಮೇಲೆ ಕೂತು 645 ಅರ್ಥಗಳನ್ನು ಬೇರ್ಪಡಿಸಿದರೆಂದು 2011ರಲ್ಲಿ ಸುದ್ದಿಯಾಗಿತ್ತು. ಆದರೂ ಕನ್ನಡಿಗರಿಗೆ ಹೆಚ್ಚು ಕಲಿಸಬಲ್ಲ ಪದ ‘ಸೆಟ್’ ಎಂದೇ ನನ್ನ ಎಣಿಕೆ. ಅದರ ಬೇರು ನಮಗೆ ಪರಿಚಿತ ನೆಲದಲ್ಲಿದೆ.

ಹಳೆಯ ಇಂಗ್ಲಿಷಿನಲ್ಲಿ ‘ಸಿಟ್ಟನ್’ ಎಂದರೆ ಕೂರು, ‘ಸೆಟ್ಟನ್’ ಎಂದರೆ ಕೂರಿಸು. ಇಂದಿನ ‘ಸಿಟ್’ ಮತ್ತು ‘ಸೆಟ್’ ಅವುಗಳ ಮಕ್ಕಳು. ನಾವು ‘ಕೂರು’ ಧಾತುವಿಗೆ ‘ಇಸು’ ಹಚ್ಚಿ ‘ಕೂರಿಸು’ ಎನ್ನುತ್ತೇವೆ. ಓಡು–ಓಡಿಸು, ನಗು–ನಗಿಸು, ಕಲಿ–ಕಲಿಸು. ಮಾಡುವವನಿಂದ ಮಾಡಿಸುವವನಿಗೆ ದಾಟಲು ಕನ್ನಡದ ಮಗುವಿಗೆ ಈ ಒಂದು ಪ್ರತ್ಯಯ ಸಾಕು. ಇಂಗ್ಲಿಷಿನ ಪೂರ್ವಜ ಭಾಷೆಯಲ್ಲೂ ಇಂಥದ್ದೊಂದು ಸಲಕರಣೆ ಇತ್ತು. ಅದು ಧಾತುವಿನ ಒಳಗಿನ ಸ್ವರವನ್ನೇ ಬದಲಿಸುತ್ತಿತ್ತು. ಕಾಲಾಂತರದಲ್ಲಿ ಸಲಕರಣೆ ಸವೆದುಹೋಗಿ, ಅದು ಮಾಡಿಟ್ಟ ಕೆಲವು ಜೋಡಿಗಳು ಮಾತ್ರ ಉಳಿದಿವೆ: ‘ಸಿಟ್’ ಕೂರು, ‘ಸೆಟ್’ ಕೂರಿಸು, ‘ಲೈ’ ಮಲಗು, ‘ಲೇ’ ಮಲಗಿಸು, ‘ಫಾಲ್’ ಬೀಳು, ‘ಫೆಲ್’ ಬೀಳಿಸು, ‘ಡ್ರಿಂಕ್’ ಕುಡಿ, ‘ಡ್ರೆಂಚ್’ ಕುಡಿಸು. ಇವತ್ತು ‘ಡ್ರೆಂಚ್’ ಎಂದರೆ ತೊಯ್ಯಿಸುವುದು. ಆದರೂ ದನಕರುಗಳ ಗಂಟಲಿಗೆ ಔಷಧ ಹೊಯ್ದು ಕುಡಿಸುವುದಕ್ಕೆ ಪಶುವೈದ್ಯರು ಈಗಲೂ ಅದೇ ಪದ ಬಳಸುತ್ತಾರೆ.

ಇನ್ನೂ ಆಳಕ್ಕೆ ಇಳಿದರೆ ನಮ್ಮ ಕಿವಿಗೆ ಪರಿಚಿತವಾದ ಸದ್ದು ಕೇಳುತ್ತದೆ. 1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಮಾತನಾಡುತ್ತ ವಿಲಿಯಂ ಜೋನ್ಸ್, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಹುಟ್ಟಿರಬೇಕೆಂದು ಹೇಳಿದ. ಇಂಗ್ಲಿಷ್ ಸೇರಿರುವ ಜರ್ಮ್ಯಾನಿಕ್ ಕವಲೂ ಅದೇ ಕುಲದ್ದು. ಆ ಕುಲದಲ್ಲಿ ಕೂರುವುದಕ್ಕೆ ಇದ್ದ ಧಾತು ಸಂಸ್ಕೃತದಲ್ಲಿ ‘ಸದ್’ ಆಗಿ ಉಳಿದಿದೆ. ಗುರುವಿನ ಹತ್ತಿರ ಕೂರುವುದು ಉಪನಿಷತ್ತು. ಸುತ್ತ ಕೂರುವುದು ಪರಿಷತ್ತು. ಒಟ್ಟಿಗೆ ಕೂರುವುದು ಸಂಸತ್ತು. ಕೂರುವ ಜಾಗ ಸದನ, ಅಲ್ಲಿ ಕೂರುವವನು ಸದಸ್ಯ. ಮನಸ್ಸು ಕುಸಿದು ಕೂತರೆ ವಿಷಾದ, ತಿಳಿಯಾಗಿ ನೆಲೆಗೊಂಡರೆ ಪ್ರಸಾದ. ಲ್ಯಾಟಿನ್ ದಾರಿಯಿಂದ ಇಂಗ್ಲಿಷಿಗೆ ಬಂದ ‘ಸೆಷನ್’, ‘ಪ್ರೆಸಿಡೆಂಟ್’ಗಳ ಒಳಗೂ ಈ ಧಾತುವೇ ಇದೆ. ಸೆಷನ್ಸ್ ಕೋರ್ಟ್ ಎಂದರೆ ನ್ಯಾಯಾಧೀಶರು ಕೂರುವ ಕೋರ್ಟು. ಬಸ್ಸಿನಲ್ಲಿ ಟವೆಲ್ ಹಾಕಿ ಹಿಡಿಯುವ ‘ಸೀಟು’ ಕೂಡ ಇವುಗಳ ನೆಂಟನೇ. ಕನ್ನಡ ದ್ರಾವಿಡ ಕುಲದ ಭಾಷೆ. ಆದರೂ ಸಂಸ್ಕೃತದ ಮೂಲಕ ಬಂದ ಈ ಪದಗಳೆಲ್ಲ ನಮ್ಮ ದಿನಬಳಕೆಯವು. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿನ ಹೆಸರಲ್ಲೇ ಆ ಧಾತು ಕೂತಿದೆ.

‘ಸೆಟ್’ನ ಕಥೆಯಲ್ಲಿ ಇನ್ನೊಂದು ತಿರುವಿದೆ. ಟೀ ಸೆಟ್, ಪುಸ್ತಕಗಳ ಸೆಟ್ ಎಂದು ಗುಂಪನ್ನು ಸೂಚಿಸುವ ನಾಮಪದ ಹುಟ್ಟಿನಿಂದ ಬೇರೆಯೇ ಪದ. ಲ್ಯಾಟಿನ್ನಿನಲ್ಲಿ ‘ಹಿಂಬಾಲಿಸು’ ಎಂಬ ಧಾತುವಿನಿಂದ ‘ಸೆಕ್ಟ’ ಹುಟ್ಟಿತು. ಒಬ್ಬನ ಹಿಂದೆ ನಡೆದವರ ಬಳಗ ಎಂದು ಅದರ ಅರ್ಥ. ಹಳೆಯ ಫ್ರೆಂಚಿನಲ್ಲಿ ಅದು ‘ಸೆಟ್ಟ್’ ಎಂದು ಸವೆದು ಇಂಗ್ಲಿಷಿಗೆ ಬಂತು. ಪಂಥ ಎಂಬ ಅರ್ಥದ ‘ಸೆಕ್ಟ್’ ಅದರ ಸೋದರ. ಆ ಹಿಂಬಾಲಿಸುವ ಧಾತುವಿಗೆ ಸಂಸ್ಕೃತದಲ್ಲಿ ಸಾಟಿಯಾಗಿರುವುದು ‘ಸಚ್’, ಜೊತೆಗಿರು ಎಂದರ್ಥ. ರಾಜನ ಜೊತೆಗಾರನಾದ ‘ಸಚಿವ’ ಬಂದದ್ದು ಅದರಿಂದ. ತುಂಗೆ ಮತ್ತು ಭದ್ರೆ ಕೂಡಲಿಯಲ್ಲಿ ಸೇರಿದ ಮೇಲೆ ಯಾವ ನೀರು ಯಾವ ಹೊಳೆಯದೆಂದು ಹೇಳಲಾಗದಂತೆ, ‘ಕೂರಿಸು’ ಎಂಬ ‘ಸೆಟ್’ ಮತ್ತು ‘ಬಳಗ’ ಎಂಬ ‘ಸೆಟ್’ ಇಂಗ್ಲಿಷಿನಲ್ಲಿ ಬೆರೆತುಹೋದವು. ಕೂರಿಸಿದ್ದೆಲ್ಲ ಒಂದು ಗುಂಪಾಗಿ ಕಾಣುತ್ತದೆ, ಗುಂಪಾದದ್ದೆಲ್ಲ ಕೂರಿಸಿದಂತೆ ಕಾಣುತ್ತದೆ. ಅರ್ಥಗಳು ಒಂದಕ್ಕೊಂದು ಇಂಬು ಕೊಟ್ಟವು.

ಈಗ ‘ಕೂರಿಸು’ ಎಂಬ ಚಿತ್ರವನ್ನು ಕೈಯಲ್ಲಿ ಹಿಡಿದು ಆ ಉದ್ದನೆಯ ಪಟ್ಟಿಯೊಳಗೆ ಹೊಕ್ಕರೆ ಗೊಂದಲ ತಾನಾಗಿ ತಿಳಿಯಾಗುತ್ತ ಬರುತ್ತದೆ. ಅಕ್ಕಸಾಲಿಗ ಉಂಗುರದಲ್ಲಿ ಹರಳು ಕೂರಿಸುತ್ತಾನೆ. ಇಂಗ್ಲಿಷಿನಲ್ಲಿ ಅದು ‘ಸೆಟ್’. ಮುರಿದ ಮೂಳೆಯನ್ನು ವೈದ್ಯರು ಸರಿಯಾಗಿ ಕೂರಿಸುತ್ತಾರೆ, ಅದೂ ‘ಸೆಟ್’. ಕೋಳಿಯನ್ನು ಕಾವಿಗೆ ಕೂರಿಸುವುದಕ್ಕೂ ‘ಸೆಟ್’ ಎಂದೇ ಹೇಳುತ್ತಾರೆ. ಹಳೆಯ ಅಚ್ಚುಕೂಟಗಳಲ್ಲಿ ಒಂದೊಂದೇ ಮೊಳೆಯನ್ನು ಸಾಲಿನಲ್ಲಿ ಕೂರಿಸುತ್ತಿದ್ದ ಕೆಲಸ ‘ಟೈಪ್ ಸೆಟ್ಟಿಂಗ್’. ಗಡಿಯಾರದ ಮುಳ್ಳನ್ನು ಸರಿಯಾದ ಅಂಕಿಯ ಮೇಲೆ ಕೂರಿಸಿದರೆ ಗಡಿಯಾರ ‘ಸೆಟ್’ ಆಯಿತು. ಕವಿತೆಯೊಂದನ್ನು ರಾಗ, ತಾಳಗಳಲ್ಲಿ ಕೂರಿಸಿದರೆ ಅದನ್ನು ಸಂಗೀತಕ್ಕೆ ‘ಸೆಟ್’ ಮಾಡಿದಂತೆ. ಬಟ್ಟೆಯ ಮೇಲೆ ಕಲೆ ಕೂತುಬಿಟ್ಟಿದೆ ಎನ್ನುತ್ತೇವಲ್ಲ, ಇಂಗ್ಲಿಷಿನಲ್ಲೂ ಕಲೆ ‘ಸೆಟ್’ ಆಗುತ್ತದೆ. ಮಳೆ ಹಿಡಿದು ಕೂತಾಗ ನಮಗೆ ಏನನಿಸುತ್ತದೋ ಇಂಗ್ಲಿಷಿನವರಿಗೆ ‘ಸೆಟ್ ಇನ್’ ಎಂದಾಗ ಅದೇ ಅನಿಸುತ್ತದೆ. ಕೇರಳಕ್ಕೆ ಸಾಮಾನ್ಯವಾಗಿ ಜೂನ್ 1ರ ಹೊತ್ತಿಗೆ ಮುಂಗಾರು ಕಾಲಿಡುವುದನ್ನು ಹವಾಮಾನ ಇಲಾಖೆ ‘ಆನ್‌ಸೆಟ್’ ಎಂದು ಪ್ರಕಟಿಸುತ್ತದೆ, ಅದರೊಳಗೂ ಇದೇ ‘ಸೆಟ್’ ಇದೆ.

ಸೂರ್ಯನೂ ಇದೇ ಲೆಕ್ಕಕ್ಕೆ ಸೇರುತ್ತಾನೆ. ನಮ್ಮ ಸೂರ್ಯ ಮುಳುಗುತ್ತಾನೆ, ಕಂತುತ್ತಾನೆ. ಇಂಗ್ಲಿಷಿನ ಸೂರ್ಯ ಕೆಳಗಿಳಿದು ಕೂರುತ್ತಾನೆ. ‘ಸನ್‌ಸೆಟ್’ ಎಂಬ ಪದದ ಒಳಗಿರುವ ಚಿತ್ರ ಅಷ್ಟೇ.

ದ್ರವ ಗಟ್ಟಿಯಾಗುವುದಕ್ಕೂ ‘ಸೆಟ್’ ಎನ್ನುತ್ತಾರೆ. ಅಲುಗಾಡುತ್ತಿದ್ದದ್ದು ನಿಂತಿತು, ತನ್ನ ಆಕಾರದಲ್ಲಿ ಕೂತಿತು ಎಂಬ ಭಾವ. ಮೊಸರು ಹೆಪ್ಪುಗಟ್ಟುವುದು, ಜೆಲ್ಲಿ ಗಟ್ಟಿಯಾಗುವುದು ಎಲ್ಲ ಇದರಲ್ಲಿ ಬಂತು. ಕಟ್ಟಡ ಕೆಲಸದಲ್ಲಿ ಇದು ಕಟ್ಟುನಿಟ್ಟಾದ ತಾಂತ್ರಿಕ ಪದ. ಸಿಮೆಂಟಿಗೆ ನೀರು ಬೆರೆತ ಕೂಡಲೇ ರಾಸಾಯನಿಕ ಕ್ರಿಯೆ ಶುರುವಾಗುತ್ತದೆ. ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟು ಮೊದಲ 30 ನಿಮಿಷದೊಳಗೆ ಬಿಗಿಯತೊಡಗಬಾರದು, 600 ನಿಮಿಷದೊಳಗೆ ಪೂರ್ತಿ ಬಿಗಿದಿರಬೇಕು ಎಂದು ಭಾರತೀಯ ಮಾನಕ ಹೇಳುತ್ತದೆ. ಬೇಗ ಬಿಗಿದರೆ ಗಾರೆಯವರಿಗೆ ಕಲಸಿ, ಹೊತ್ತು, ಸುರಿದು, ಸಮ ಮಾಡಲು ಸಮಯ ಸಿಗುವುದಿಲ್ಲ. ಅದಕ್ಕೇ ಕಾರ್ಖಾನೆಯಲ್ಲಿ ಸಿಮೆಂಟಿಗೆ ಸ್ವಲ್ಪ ಜಿಪ್ಸಮ್ ಬೆರೆಸುತ್ತಾರೆ. ಅದು ಬಿಗಿಯುವಿಕೆಯನ್ನು ತಡೆದು ನಿಧಾನ ಮಾಡುತ್ತದೆ. ‘ಸೆಟ್’ ಆಗುವುದೇ ಬೇರೆ, ಗಟ್ಟಿತನ ಬರುವುದೇ ಬೇರೆ. ಒಂದು ಹಗಲಿನಲ್ಲಿ ಸೆಟ್ ಆದ ಕಾಂಕ್ರೀಟು ಬಲ ಗಳಿಸಲು ವಾರಗಟ್ಟಲೆ ನೀರುಣಿಸಬೇಕು. ಈ ಎರಡನ್ನೂ ‘ಗಟ್ಟಿಯಾಯಿತು’ ಎಂದು ಒಂದೇ ಮಾಡಿಕೊಂಡವರು ಸೆಂಟ್ರಿಂಗ್ ಹಲಗೆಯನ್ನು ಬೇಗ ಕಳಚಿದರೆ ಅಪಾಯ ತಪ್ಪದು. ಪದದ ಅರ್ಥವನ್ನು ಬಿಡಿಸಿ ತಿಳಿಯುವುದು ಬರೀ ಪಂಡಿತರ ಕೆಲಸವಲ್ಲ ಎನ್ನಲು ಇದಕ್ಕಿಂತ ನೇರ ಉದಾಹರಣೆ ಬೇಡ.

ಬಡಗಿಯ ‘ಸೆಟ್’ ಇನ್ನೊಂದು ಬಗೆಯದು. ಗರಗಸದ ಹಲ್ಲುಗಳನ್ನು ಒಂದನ್ನು ಎಡಕ್ಕೆ, ಮುಂದಿನದನ್ನು ಬಲಕ್ಕೆ ತುಸುವೇ ಬಾಗಿಸುತ್ತಾರೆ. ಆಗ ಮರದಲ್ಲಿ ಬೀಳುವ ಸೀಳು ಗರಗಸದ ತಗಡಿಗಿಂತ ಅಗಲವಾಗಿ, ತಗಡು ನಡುವೆ ಸಿಕ್ಕಿಕೊಳ್ಳುವುದಿಲ್ಲ. ಹಲ್ಲಿಗೆ ಕೊಟ್ಟ ಆ ಬಾಗಿಗೇ ‘ಸೆಟ್’ ಎಂದು ಹೆಸರು. ಹೊಲದಲ್ಲೂ ಈ ಪದ ಇದೆ. ಹೂವು ಉದುರದೆ ಕಾಯಿ ಕಟ್ಟಿದರೆ ‘ಫ್ರೂಟ್ ಸೆಟ್’. ಕೊನೆಗೆ ಇನ್ನೊಂದು ‘ಟಿ’ ಸೇರಿಸಿ ಬರೆದರೆ ಬಿತ್ತನೆಗೆಂದು ಕತ್ತರಿಸಿದ ಕಬ್ಬಿನ ತುಂಡು. ಮಂಡ್ಯದ ರೈತರು ಎರಡು ಕಣ್ಣಿನ ತುಂಡು, ಮೂರು ಕಣ್ಣಿನ ತುಂಡು ಎಂದು ಎಣಿಸುವುದನ್ನೇ ಕೃಷಿ ವಿಜ್ಞಾನದ ಇಂಗ್ಲಿಷ್ ಪುಸ್ತಕಗಳು ‘ಸೆಟ್’ ಎನ್ನುತ್ತವೆ. ಮಣ್ಣಿನಲ್ಲಿ ಕೂರಿಸಿ ಬೆಳೆಸುವುದಲ್ಲವೇ?

‘ಕೂರಿಸು’ ಒಂದರಿಂದಲೇ ಎಲ್ಲ ಬಾಗಿಲೂ ತೆರೆಯುವುದಿಲ್ಲ. ಅಲ್ಲಿ ಕನ್ನಡದ ಇನ್ನೆರಡು ಧಾತುಗಳು ನೆರವಿಗೆ ಬರುತ್ತವೆ: ‘ಇಡು’ ಮತ್ತು ‘ಹೂಡು’. ಇಂಗ್ಲಿಷಿನಲ್ಲಿ ಮನೆಗೆ ಬೆಂಕಿ ‘ಸೆಟ್’ ಮಾಡುತ್ತಾರೆ, ನಾವು ಬೆಂಕಿ ಇಡುತ್ತೇವೆ. ಅವರು ನೆಲದ ಮೇಲೆ ಪಾದ ‘ಸೆಟ್’ ಮಾಡುತ್ತಾರೆ, ನಾವು ಹೆಜ್ಜೆ ಇಡುತ್ತೇವೆ. ‘ಇಡು’ ಎಂಬ ಎರಡಕ್ಷರದ ನಮ್ಮ ಧಾತುವನ್ನು ಒಮ್ಮೆ ಗಮನಿಸಿ. ಹೆಸರಿಡು, ಮೊಟ್ಟೆಯಿಡು, ಎಸರಿಡು, ಬೊಟ್ಟಿಡು, ಮುತ್ತಿಡು, ಆಣೆಯಿಡು, ಮೊರೆಯಿಡು, ನಂಬಿಕೆಯಿಡು, ರಂಗೋಲಿ ಇಡು, ಕೂಡಿಡು, ಬಚ್ಚಿಡು. ಕನ್ನಡ ಕಲಿಯಲು ಬಂದ ಹೊರಗಿನವರಿಗೆ ಇದನ್ನು ವಿವರಿಸುವುದೂ ‘ಸೆಟ್’ ವಿವರಿಸುವಷ್ಟೇ ಕಷ್ಟ. ಮೊಟ್ಟೆಗೂ ಮೊರೆಗೂ ಏನು ಸಂಬಂಧ ಎಂದು ಅವರು ಕೇಳಿದರೆ ನಾವು ತಡವರಿಸುತ್ತೇವೆ. ಆದರೆ ನಮ್ಮ ಮನೆಯ ಮಗು ನಾಲ್ಕು ವರ್ಷಕ್ಕೇ ಇವನ್ನೆಲ್ಲ ತಪ್ಪಿಲ್ಲದೆ ಆಡುತ್ತದೆ.

‘ಹೂಡು’ವಿನ ಹರವೂ ಕಡಿಮೆಯದಲ್ಲ. ಎತ್ತು ಹೂಡು, ಒಲೆ ಹೂಡು, ಬಾಣ ಹೂಡು, ಬಿಡಾರ ಹೂಡು, ಬಂಡವಾಳ ಹೂಡು, ದಾವೆ ಹೂಡು, ಸಂಚು ಹೂಡು. ಒಂದು ಕೆಲಸಕ್ಕೆ ಬೇಕಾದ್ದನ್ನು ಅಣಿಗೊಳಿಸಿ ನಿಲ್ಲಿಸುವ ಭಾವ ಇವೆಲ್ಲದರಲ್ಲೂ ಇದೆ. ಇಂಗ್ಲಿಷಿನ ‘ಸೆಟ್ ಅಪ್’ ಓಡಾಡುವುದು ಬಹುಮಟ್ಟಿಗೆ ಇದೇ ಬಯಲಿನಲ್ಲಿ. ಬಿಡಾರವನ್ನೂ ‘ಸೆಟ್ ಅಪ್’ ಮಾಡಬಹುದು, ವ್ಯಾಪಾರವನ್ನೂ ಮಾಡಬಹುದು, ಅಮಾಯಕನನ್ನು ಸಿಕ್ಕಿಸಲು ಸಂಚನ್ನೂ ಮಾಡಬಹುದು.

ಕಾನೂನಿನ ಲೋಕದಲ್ಲಿ ಅರ್ಥ ತಪ್ಪಿದರೆ ಅದರ ಬೆಲೆಯನ್ನು ಮನುಷ್ಯರು ತೆರಬೇಕಾಗುತ್ತದೆ. ‘ಸೆಟ್ ಆಫ್’ ಎಂದರೆ ಪ್ರಯಾಣ ಹೊರಡುವುದೂ ಹೌದು, ಪಟಾಕಿ ಸಿಡಿಸುವುದೂ ಹೌದು. 2024ರವರೆಗೆ ಜಾರಿಯಲ್ಲಿದ್ದ 1973ರ ದಂಡ ಪ್ರಕ್ರಿಯಾ ಸಂಹಿತೆಯ 428ನೇ ಕಲಮಿನಲ್ಲಿ ಅದರ ಅರ್ಥ ಮೂರನೆಯದಾಗಿತ್ತು. ಆರೋಪಿ ತನಿಖೆ, ವಿಚಾರಣೆಯ ಕಾಲದಲ್ಲಿ ಬಂಧನದಲ್ಲಿ ಕಳೆದ ಅವಧಿಯನ್ನು ಅವನಿಗೆ ವಿಧಿಸಿದ ಜೈಲು ಶಿಕ್ಷೆಯಲ್ಲಿ ಕಳೆಯಬೇಕು ಎಂಬ ನಿಯಮ ಅದು. ಮೂರು ವರ್ಷ ಶಿಕ್ಷೆಯಾದವನು ಆಗಲೇ ಒಂದು ವರ್ಷ ಒಳಗಿದ್ದರೆ ಉಳಿದದ್ದು ಎರಡು ವರ್ಷ. ಆದಾಯ ತೆರಿಗೆಯಲ್ಲಿ ಒಂದು ಬಾಬಿನ ನಷ್ಟವನ್ನು ಇನ್ನೊಂದು ಬಾಬಿನ ಲಾಭದ ಎದುರಿಗೆ ಇಟ್ಟು ಕಳೆಯುವುದಕ್ಕೂ ಅದೇ ಹೆಸರು. ತಕ್ಕಡಿಯ ಒಂದು ತಟ್ಟೆಯಲ್ಲಿ ಒಂದನ್ನು, ಎದುರು ತಟ್ಟೆಯಲ್ಲಿ ಇನ್ನೊಂದನ್ನು ಕೂರಿಸುವ ಚಿತ್ರ ಇಲ್ಲಿದೆ. ಇದು ಗೊತ್ತಿರುವ ವಕೀಲರು ಕಕ್ಷಿದಾರನಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದರೆ ಜೈಲಿನಲ್ಲಿರುವವನ ಮನೆಯವರಿಗೆ ಬಿಡುಗಡೆಯ ದಿನ ಯಾವುದೆಂದು ತಿಳಿಯುತ್ತದೆ. ಹೇಳದಿದ್ದರೆ ಆ ಎರಡು ಪದ ಅವರ ಪಾಲಿಗೆ ಮುಚ್ಚಿದ ಕದ.

ಗಣಿತದಲ್ಲಿ ‘ಸೆಟ್’ನ ಪಾತ್ರ ಇನ್ನೂ ದೊಡ್ಡದು. ಜರ್ಮನ್ ಗಣಿತಜ್ಞ ಗೇಯಾರ್ಗ್ ಕ್ಯಾಂಟರ್ 1874ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಗಣ ಸಿದ್ಧಾಂತ ಮೊದಲಾಯಿತು ಎನ್ನುತ್ತಾರೆ. ಅವನು ಬಳಸಿದ ಜರ್ಮನ್ ಪದ ‘ಮೆಂಗೆ’, ಇಂಗ್ಲಿಷಿನಲ್ಲಿ ಅದು ‘ಸೆಟ್’ ಆಯಿತು, ನಮ್ಮ ಪಠ್ಯಪುಸ್ತಕಗಳಲ್ಲಿ ‘ಗಣ’. ಗಣಿತದ ಗಣದಲ್ಲಿ ಕ್ರಮ ಮುಖ್ಯವಲ್ಲ, ಒಂದೇ ಅಂಶವನ್ನು ಎರಡು ಸಲ ಎಣಿಸುವಂತಿಲ್ಲ, ಏನೂ ಇಲ್ಲದಿದ್ದರೂ ಅದು ಶೂನ್ಯ ಗಣ. ಮನೆಯ ಟೀ ಸೆಟ್ಟಿಗೆ ಈ ನಿಯಮ ಹೊಂದುವುದಿಲ್ಲ. ಅಲ್ಲಿ ಒಂದೇ ಬಗೆಯ ಆರು ಕಪ್ಪು ಇದ್ದರೇ ಚೆಂದ. ಬಳಕೆಯ ಪದವನ್ನು ಶಾಸ್ತ್ರ ಎತ್ತಿಕೊಂಡಾಗ ಅದರ ಅಂಚುಗಳನ್ನು ಹೀಗೆ ಹರಿತ ಮಾಡುತ್ತದೆ. ಟೆನಿಸ್ಸಿನ ‘ಸೆಟ್’ ಕೂಡ ಅಂಥದ್ದು: ಎರಡರ ಅಂತರದಲ್ಲಿ ಆರು ಗೇಮ್ ಗೆಲ್ಲಬೇಕು. ವಾಲಿಬಾಲಿನಲ್ಲಿ ಒಂದು ಸೆಟ್ ಎಂದರೆ 25 ಪಾಯಿಂಟು, ಐದನೆಯದಾದರೆ 15. ಓಟದ ಸ್ಪರ್ಧೆಯಲ್ಲಿ ಪಿಸ್ತೂಲು ಹಾರುವ ಮೊದಲು ಕೇಳುವ ‘ಸೆಟ್’ ಮಾತ್ರ ಹಳೆಯ ಮನೆಯದು: ಮೈಯನ್ನು ಅಣಿ ಮಾಡಿ ಕೂರಿಸಿಕೋ ಎಂಬ ಅಪ್ಪಣೆ.

ಇಷ್ಟೆಲ್ಲ ಹೊತ್ತ ಪದ ಕನ್ನಡಕ್ಕೆ ಬಂದಾಗ ಸುಮ್ಮನೆ ಕೂರಲಿಲ್ಲ. ಹೋಟೆಲಿನಲ್ಲಿ ಒಂದರ ಮೇಲೊಂದು ಪೇರಿಸಿ ತರುವ ಮೆತ್ತನೆಯ ದೋಸೆ ಸೆಟ್ ದೋಸೆಯಾಯಿತು. ಮೋಟಾರೂ ಪಂಪೂ ಸೇರಿ ಪಂಪ್‌ಸೆಟ್ ಆಯಿತು. ಇವತ್ತು ಯಾವ ಹಳ್ಳಿಯ ರೈತನೂ ಅದನ್ನು ಪರಭಾಷೆಯ ಪದ ಎಂದುಕೊಳ್ಳುವುದಿಲ್ಲ. ರೇಡಿಯೊ ಸೆಟ್, ಒಡವೆ ಸೆಟ್, ಸಿನಿಮಾ ಸೆಟ್ ಎಲ್ಲ ಬಂದವು. ಆಮೇಲೆ ನಾವೇ ಒಂದು ಹೊಸ ಅರ್ಥ ಕೊಟ್ಟೆವು. ‘ಈ ಬಣ್ಣ ನಿನಗೆ ಸೆಟ್ ಆಗುತ್ತೆ’, ‘ಅವರಿಬ್ಬರಿಗೂ ಸೆಟ್ ಆಗಲ್ಲ ಬಿಡು’ ಎನ್ನುತ್ತಾರೆ ಹುಡುಗರು. ಒಪ್ಪು, ಹೊಂದು ಎಂಬ ಅರ್ಥದ ಈ ಬಳಕೆಯನ್ನು ಲಂಡನ್ನಿನವರ ಮುಂದೆ ಇಂಗ್ಲಿಷಿನಲ್ಲಿ ಹಾಗೇ ಹೇಳಿದರೆ ಅವರಿಗೆ ತಿಳಿಯದು. ಅದು ಕನ್ನಡ ಮಾಡಿಕೊಂಡ ಅರ್ಥ, ಕನ್ನಡದ ಸೊತ್ತು. ಪ್ರಜಾವಾಣಿಯ ‘ಇಗೋ ಕನ್ನಡ’ ಅಂಕಣದಲ್ಲಿ ವರ್ಷಗಟ್ಟಲೆ ಓದುಗರ ಪದಸಂದೇಹಗಳನ್ನು ಬಿಡಿಸುತ್ತಿದ್ದ ಪ್ರೊ. ಜಿ. ವೆಂಕಟಸುಬ್ಬಯ್ಯನವರಂಥ ನಿಘಂಟುಕಾರರಿಗೆ ಇಂಥ ಪದಗಳೇ ಕೆಲಸ ಕೊಡುತ್ತವೆ.

ನನ್ನ ಕಳಕಳಿ ಇರುವುದು ಶಾಲೆಯ ಮಕ್ಕಳ ಬಗ್ಗೆ. ಹಳ್ಳಿಯ ಕನ್ನಡ ಶಾಲೆಗಳಲ್ಲಿ ಇಂಗ್ಲಿಷನ್ನು ಪದಪಟ್ಟಿಯಾಗಿ ಕಲಿಸುವ ರೂಢಿ ಇನ್ನೂ ಹೋಗಿಲ್ಲ. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಒಂದು ಕನ್ನಡ ಪದ, ನಡುವೆ ಸಮ ಎಂಬ ಗುರುತು. ‘ಸೆಟ್’ ಸಮ ‘ಜೋಡಿಸು’ ಎಂದು ಉರು ಹೊಡೆದ ಹುಡುಗಿಗೆ ಸೂರ್ಯ ‘ಸೆಟ್’ ಆದಾಗ ದಾರಿ ತಪ್ಪುತ್ತದೆ. ತಾನು ದಡ್ಡಿ, ಇಂಗ್ಲಿಷು ತನ್ನಂಥವರಿಗಲ್ಲ ಎಂದು ಅವಳು ತೀರ್ಮಾನಿಸಿಬಿಡುತ್ತಾಳೆ. ತಪ್ಪಿದ್ದದ್ದು ಅವಳಲ್ಲಿ ಅಲ್ಲ, ಆ ಸಮ ಎಂಬ ಗುರುತಿನಲ್ಲಿ. ಯಾವ ಭಾಷೆಯ ಯಾವ ಬಳಕೆಯ ಪದವೂ ಇನ್ನೊಂದು ಭಾಷೆಯ ಒಂದೇ ಪದಕ್ಕೆ ಸಮವಾಗುವುದಿಲ್ಲ.

ಶಿಕ್ಷಕರಲ್ಲಿ ನನ್ನ ಕೋರಿಕೆ ಇಷ್ಟು. ಇಂಥ ಪದ ಬಂದಾಗ ಮೊದಲು ಅದರ ಮೂಲ ಚಿತ್ರವನ್ನು ಕನ್ನಡದಲ್ಲೇ ಕಟ್ಟಿಕೊಡಿ: ಕೂರಿಸುವುದು, ಇಡುವುದು. ಹರಳು, ಮೂಳೆ, ಕೋಳಿ, ಗಡಿಯಾರಗಳ ಉದಾಹರಣೆ ಕೊಡಿ. ಮಕ್ಕಳು ತಾವೇ ಇನ್ನಷ್ಟು ಹೇಳುತ್ತಾರೆ. ಆಮೇಲೆ ಪದವನ್ನು ಒಂಟಿಯಾಗಿ ಬಿಡದೆ ಅದರ ಜೊತೆಗಾರರೊಂದಿಗೆ ಕಲಿಸಿ. ‘ಆಫ್’ ಜೊತೆ ಬಂದರೆ ಏನು, ‘ಅಪ್’ ಜೊತೆ ಬಂದರೆ ಏನು ಎಂಬುದನ್ನು ಇಡೀ ವಾಕ್ಯದಲ್ಲಿ ಇಟ್ಟು ತೋರಿಸಿ. ಕೊನೆಯದಾಗಿ, ಯಾರು ಯಾರಿಗೆ ಎಲ್ಲಿ ಹೇಳುತ್ತಿದ್ದಾರೆ ಎಂದು ಕೇಳುವ ಅಭ್ಯಾಸ ಮಾಡಿಸಿ. ಕೋರ್ಟಿನ ‘ಸೆಟ್ ಅಸೈಡ್’ ಯಾವುದು, ಬಜೆಟ್ಟಿನದ್ದು ಯಾವುದು ಎಂದು ಬೇರ್ಪಡಿಸಲು ಬೇರೆ ಯಾವ ಸೂತ್ರವೂ ಇಲ್ಲ. ನಾನೂರು ಅರ್ಥಗಳನ್ನು ಯಾವ ಇಂಗ್ಲಿಷಿನವನೂ ಬಾಯಿಪಾಠ ಮಾಡಿಲ್ಲ. ಅವನು ಕಲಿತದ್ದು ಒಂದು ಚಿತ್ರವನ್ನು ಮತ್ತು ಸಂದರ್ಭ ನೋಡುವುದನ್ನು. ‘ಇಡು’, ‘ಹೂಡು’, ‘ಕೂರಿಸು’ಗಳನ್ನು ಎಡವದೆ ಆಡುವ ನಮ್ಮ ಮಕ್ಕಳಿಗೆ ಆ ವಿದ್ಯೆ ಆಗಲೇ ಬಂದಿದೆ. ಅದು ಅವರಲ್ಲಿ ಇದೆ ಎಂದು ಹೇಳುವವರೊಬ್ಬರು ತರಗತಿಯಲ್ಲಿ ಇರಬೇಕು.